ಕಾಯಿ ಇನ್ನೂ ರುಹಿಯ ಕೈಯಲ್ಲಿದೆ

ಶಾಲಾ ರಂಗಕಲಿಕೆ ಯೋಜನೆಯ ಮೇಲ್ವಿಚಾರಣಾಧಿಕಾರಿಗಳಿಗೆ, ಎಲ್ಲರೂ ಓದಲೆಂದು

ಮಾನ್ಯರೇ,

ನೀವು ಕೊಡುತ್ತೇವೆಂದದ್ದನ್ನೂ ಕೊಡದೆ ಹೋದದ್ದನ್ನೂ ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ಕೇಳುವ ವ್ಯವಧಾನ ನಿಮಗಿಲ್ಲ.

ನಾಟಕವನ್ನು ಮಕ್ಕಳೇ ಕಟ್ಟುತ್ತಾರೆ ಎಂದಿರಿ. ಅವರು ಕಟ್ಟಿದ್ದನ್ನು ಬಿಚ್ಚಿ ಬೇರೆ ಮಾಡಿದಿರಿ. ಮಕ್ಕಳು ತಮ್ಮ ಮಾತಿನಲ್ಲೇ ಆಡಲಿ ಎಂದಿರಿ. ಯಾರದೋ ಮಾತು ತುಂಬಿದ ಪೆನ್‌ಡ್ರೈವ್ ಕಳಿಸಿದಿರಿ. ಯಾವ ಮಗುವನ್ನೂ ಹೊರಗಿಡುವುದಿಲ್ಲ ಎಂದಿರಿ. ಏಳನೇ ತರಗತಿಯ ರುಹಿಯನ್ನು ಹೊರಗಿಟ್ಟಿರಿ. ಶಾಲೆಗಳ ಬಾಗಿಲು ವರ್ಷಪೂರ್ತಿ ನಮ್ಮ ತಂಡಕ್ಕೆ ತೆರೆದಿರುತ್ತದೆ ಎಂದಿರಿ. ಮಕ್ಕಳ ದಿನಾಚರಣೆಯ ಹಾರ ಒಣಗುವ ಮೊದಲೇ ಬಾಗಿಲು ಹಾಕಿದಿರಿ.

ಇಷ್ಟೇ ಸಂಗತಿ. ಉಳಿದದ್ದು ವಿವರಣೆ. ವಿವರಣೆ ನಿಮಗೆ ಬೇಡದಿದ್ದರೂ ಈ ಪತ್ರ ಓದುವ ಉಳಿದವರಿಗೆ ಬೇಕು.

ನಾನು ಮಕ್ಕಳ ರಂಗತಂಡವೊಂದರಲ್ಲಿ ರಂಗಶಿಕ್ಷಕಿ. ನಮ್ಮದು ಒಂದೂರಲ್ಲಿ ನಿಲ್ಲುವ ತಂಡವಲ್ಲ. ಒಂದು ಹಳೆಯ ವ್ಯಾನು, ಎರಡು ತಮಟೆ, ಒಂದು ಟ್ರಂಕಿನಷ್ಟು ಬಟ್ಟೆ, ನಾನು, ಮತ್ತು ಜೊತೆಗಾರ ಮೋಹನ್ ಕುಮಾರ್. ಡ್ರೈವರೂ ಅವನೇ, ಹಿಮ್ಮೇಳವೂ ಅವನೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸರ್ಕಾರಿ ಶಾಲೆಗಳನ್ನು ಸುತ್ತುತ್ತೇವೆ. ನಾಟಕವನ್ನು ಹೊರಗಿನಿಂದ ಹೊತ್ತೊಯ್ಯುವುದಿಲ್ಲ, ಊರೊಳಗಿಂದ ಎತ್ತುತ್ತೇವೆ. ಅಮ್ಮಸಂದ್ರದಲ್ಲಿ ಮಕ್ಕಳು ಸಿಮೆಂಟ್ ಲಾರಿಗಳಾದರು. ದಬ್ಬೇಘಟ್ಟದಲ್ಲಿ ಬರುತ್ತೇನೆ ಬರುತ್ತೇನೆ ಎಂದು ಆಟ ಆಡಿಸುವ ನಾಲೆ ನೀರಾದರು. ಬಿಳಿಗೆರೆಯಲ್ಲಿ ಒಬ್ಬ ಹುಡುಗಿ ಇಡೀ ಮಧ್ಯಾಹ್ನ ಆಗತಾನೇ ಕರು ಹಾಕಿದ ಎಮ್ಮೆಯಾಗಿದ್ದಳು. ಗಂಟೆ ಹೊಡೆದು ಎಲ್ಲರೂ ಮನೆಗೆ ಹೋದರೂ ಹತ್ತಿರ ಹೋದವರನ್ನೆಲ್ಲ ಹಾಯುತ್ತಿದ್ದಳು. ಇದಕ್ಕೂ ಮೊದಲು ನಾನು ಬೀದಿನಾಟಕದವಳು. ಧರಣಿಯ ಪೆಂಡಾಲುಗಳಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವಳು. ಅಲ್ಲಿ ಕಲಿತದ್ದು ಒಂದೇ ಪಾಠ: ಯಾರ ಸಂಕಟವೋ ಅವರ ಬಾಯಿಂದಲೇ ಬರಬೇಕು. ಅವರ ಪರವಾಗಿ ಮಾತಾಡಿ ಕೊನೆಗೆ ಅವರ ಮೈಕನ್ನೇ ಮನೆಗೊಯ್ಯುವವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗ ಹೇಳುತ್ತಿರುವುದು ತಿಪಟೂರು-ತುರುವೇಕೆರೆ ರಸ್ತೆಯ ಒಂದು ಶಾಲೆಯ ಕತೆ. ಊರಿನ ಹೆಸರು ನಿಮಗೆ ಗೊತ್ತು. ಪತ್ರಿಕೆಯಲ್ಲಿ ಬಂದರೆ ಅಲ್ಲಿನ ಹೆಡ್‌ಮಾಸ್ಟರರ ರಕ್ತದೊತ್ತಡ ಏರುತ್ತದೆ, ಆದ್ದರಿಂದ ಬರೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನಿಂದ ಫೋನ್ ಬಂದರೆ ಎದ್ದು ನಿಂತು ಮಾತಾಡುವ ಸಾವಿರಾರು ಜನರಲ್ಲಿ ಅವರೂ ಒಬ್ಬರು.

ನಮ್ಮ ತಂಡದಲ್ಲಿ ಒಂದು ಕಟ್ಟಳೆ ಇದೆ. ಶಾಲೆಗೆ ಹೋದ ಮೊದಲ ದಿನ ಮಕ್ಕಳನ್ನು ದುಂಡಗೆ ಕೂರಿಸಿ ಆ ಊರಿನದೇ ಒಂದು ವಸ್ತುವನ್ನು ಮಧ್ಯೆ ಇಡುತ್ತೇವೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಉಳಿದವರು ಬಾಯಿ ಮುಚ್ಚಿ ಕೇಳಬೇಕು. ಮೇಷ್ಟ್ರು ಬಂದರೂ ಅಷ್ಟೆ, ಪಂಚಾಯ್ತಿ ಅಧ್ಯಕ್ಷರು ಬಂದರೂ ಅಷ್ಟೆ. ಹಿಡಿದವರು ಮಾತಾಡದೆ ಕೂತರೆ ಎಲ್ಲರೂ ಮಾತಾಡದೆ ಕೂರಬೇಕು. ಅವರಾಗಿ ಕೊಡುವವರೆಗೆ ಯಾರೂ ಅದನ್ನು ಕಿತ್ತುಕೊಳ್ಳುವಂತಿಲ್ಲ. ನಮಗೆ ಇರುವುದು ಇದೊಂದೇ ಕಾನೂನು, ಇದನ್ನು ಇದುವರೆಗೆ ಯಾವ ಮಗುವೂ ಮುರಿದಿಲ್ಲ.

ಈ ಶಾಲೆಯಲ್ಲಿ ಆ ವಸ್ತು ಒಂದು ತೆಂಗಿನಕಾಯಿ. ಪಕ್ಕದ ತೋಟದ ಗಂಗಯ್ಯನವರು ಅವರ ಅಟ್ಟದಿಂದ ಇಳಿಸಿ ಕೊಟ್ಟದ್ದು. “ತಗಳಮ್ಮ, ಒಡೀಬ್ಯಾಡ ಮಾತ್ರ. ಇನ್ನೂ ಕೊಬ್ರಿ ಆಗಿಲ್ಲ, ನೀರೈತೆ,” ಅಂದಿದ್ದರು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಿಮಗೆ ವಿವರಿಸಬೇಕೆಂದು ಆಮೇಲೆ ಗೊತ್ತಾಯಿತು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ತಿಂಗಳುಗಟ್ಟಲೆ ಅದು ಅಲ್ಲೇ ಬಿದ್ದಿರಬೇಕು, ಒಳಗಿನ ನೀರು ತಾನಾಗಿ ಇಂಗಬೇಕು. ಇಂಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಆಡಿಸಿದರೆ ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಉರುಳುವುದು ಕೇಳುತ್ತದೆ. ಅಲ್ಲಿಯವರೆಗೆ ಕೇಳುವುದು ನೀರಿನ ಸದ್ದು ಮಾತ್ರ. ಅವಸರ ಮಾಡಿ ಒಡೆದರೆ ಬೂಸ್ಟು ಹಿಡಿಯುವ ಹೋಳುಗಳು ಸಿಗುತ್ತವೆ.

ಆ ಕಾಯಿ ಕೈಯಿಂದ ಕೈಗೆ ಹೋಗುತ್ತಾ ಹೋಗುತ್ತಾ ನಾಟಕ ಹುಟ್ಟಿತು. ಮಕ್ಕಳೆಲ್ಲ ಅಟ್ಟದ ಮೇಲಿನ ಕಾಯಿಗಳು. ಮಲಗಿ ಮಲಗಿ ಅವುಗಳಿಗೆ ಬೇಸರ ಬಂದಿದೆ. ಒಂದಕ್ಕೆ ಸಂತೆ ನೋಡಬೇಕು, ಒಂದಕ್ಕೆ ರೈಲು ಹತ್ತಿ ದೆಹಲಿಗೆ ಹೋಗಬೇಕು, ಒಂದಕ್ಕೆ ಇಲಿ ಎಂದರೆ ಭಯ. ಕೆಳಗೆ ಒಬ್ಬ ವ್ಯಾಪಾರಿ ನಿಂತಿದ್ದಾನೆ, ಅವನಿಗೆ ಇವತ್ತೇ ಎಲ್ಲವನ್ನೂ ಒಡೆಯಬೇಕು. ನಡುವೆ ಅಟ್ಟ ಕಾಯುವ ಅಜ್ಜಿ. ಅವಳು ಒಂದೊಂದು ಕಾಯಿಯ ತಲೆಯನ್ನೂ ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, “ನೀರೈತೆ ಕಣ್ಲಾ, ಸುಮ್ಕೆ ಮನಿಕ್ಕೊ,” ಎಂದು ಮೊಟಕಿ ಮಲಗಿಸುತ್ತಾಳೆ.

ಅಜ್ಜಿಯ ಪಾತ್ರ ರುಹಿಯದು. ನಾನು ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ರುಹಿ ಎಂದರೆ ರಸ್ತೆ ಬದಿಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ದಸ್ತಗೀರ್ ಮತ್ತು ಮನೆಯಲ್ಲೇ ರವಿಕೆ ಹೊಲಿಯುವ ಅಫ್ಸರ್ ಬಾನು ಅವರ ಮಗಳು. ವಾಚಾಳಿ. ಪಾಠದ ನಡುವೆಯೂ ಮಾತು, ಪ್ರಾರ್ಥನೆಯ ನಡುವೆಯೂ ಮಾತು. ಕಾಯಿ ಕೈಗೆ ಬಂದ ದಿನ ಮಾತ್ರ ಅವಳು ತಕ್ಷಣ ಬಾಯಿ ತೆರೆಯಲಿಲ್ಲ. ಕಾಯನ್ನು ಕಿವಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಸೊಂಟದ ಮೇಲೆ ಕೈಯಿಟ್ಟು “ನೀರೈತೆ ಕಣ್ಲಾ” ಎಂದಳು. ಮಕ್ಕಳೆಲ್ಲ ಬಿಸಿಯೂಟದ ಅಡುಗೆಮನೆಯತ್ತ ತಿರುಗಿದರು. ಯಾಕೆಂದರೆ ಅದು ಅಡುಗೆಯ ರಂಗಮ್ಮನ ದನಿ, ರಂಗಮ್ಮನ ಕಣ್ಣು, ರಂಗಮ್ಮನ ಸೊಂಟ. ರಂಗಮ್ಮ ಸೌಟು ಹಿಡಿದೇ ಹೊರಗೆ ಬಂದರು.

“ಅಯ್ಯೋ ಇವ್ಳ, ನನ್ನೇ ಕದ್ದವ್ಳಲ್ಲ. ಹಂಗೇ ಸಾರಿಗೆ ಉಪ್ಪು ಹಾಕದೂ ಮಾಡ್ ತೋರ್ಸು, ನಾಳಿಂದ ನೀನೇ ಬೇಯ್ಸುವಂತೆ.”

“ನಿಮ್ ಸಾರಲ್ಲಿ ಉಪ್ಪೆಲ್ಲೈತೆ ಅಜ್ಜಿ, ಇದ್ರೆ ತಾನೇ ತೋರ್ಸದು,” ಅಂದಳು ರುಹಿ.

ಅವತ್ತಿನಿಂದ ಇಬ್ಬರಿಗೂ ಅದೇ ಕೆಲಸ. ರಂಗಮ್ಮ ಏನು ಹೇಳಿದರೂ ರುಹಿ ಹಿಂದೆ ನಿಂತು ಅದನ್ನೇ ಹೇಳುವುದು, ರಂಗಮ್ಮ ಅಟ್ಟಿಸಿಕೊಂಡು ಹೋಗುವುದು. ನಮ್ಮ ಕಸುಬಿನಲ್ಲಿ ಇದಕ್ಕೆ ಪಾತ್ರ ಕಟ್ಟುವುದು ಎನ್ನುತ್ತಾರೆ. ನಿಮ್ಮ ಕಚೇರಿಯಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ.

ದಸರಾ ರಜೆ ಮುಗಿದ ಮೇಲೆ ನೀವು ಪರಿಶೀಲನೆಗೆ ಬಂದಿರಿ. ಕುರ್ಚಿ ಹಾಕಿಸಿಕೊಂಡು ಕೂತಿರಿ. ವ್ಯಾಪಾರಿಯ ಪಾತ್ರ ಮಾಡುವ ಇಂಪನಾ ನಮ್ಮ ಕಟ್ಟಳೆಯಂತೆ ಕಾಯನ್ನು ತಂದು ನಿಮ್ಮ ಮುಂದೆ ಹಿಡಿದಳು, ನೀವೂ ಏನಾದರೂ ಹೇಳಲಿ ಎಂದು. ಅದನ್ನು ಪೂಜೆಯ ಕಾಯಿ ಎಂದುಕೊಂಡಿರೋ ಏನೋ, ನೀವು ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕದ ಗುಮಾಸ್ತರ ಕೈಗೆ ದಾಟಿಸಿದಿರಿ. ಕಟ್ಟಳೆಯ ಪ್ರಕಾರ ಈಗ ಗುಮಾಸ್ತರು ಮಾತಾಡಬೇಕಿತ್ತು. ಮಕ್ಕಳೆಲ್ಲ ಅವರ ಬಾಯನ್ನೇ ನೋಡುತ್ತಾ ಕಾದರು. ಪಾಪ, ನಿಮ್ಮ ಎದುರಿಗೆ ಬಾಯಿ ತೆರೆದು ಅವರಿಗೆ ರೂಢಿಯಿಲ್ಲ.

ಆಮೇಲೆ ನಾಟಕ ನೋಡಿದಿರಿ. ಇಲ್ಲಿಂದ ಮುಂದೆ ನಾನು ಬರೆಯುವುದನ್ನು ದಯವಿಟ್ಟು ನಿಧಾನವಾಗಿ ಓದಿ. ರುಹಿ ಅಜ್ಜಿಯಾಗಿ ಬಂದಾಗ ನೀವು ನಕ್ಕಿರಿ. ಸಣ್ಣಗೆ ನಕ್ಕಿದ್ದಲ್ಲ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ಹಾಗೆ ನಕ್ಕಿರಿ. “ಎಷ್ಟು ಸಹಜವಾಗಿದೆ, ನಮ್ಮ ಸೋದರತ್ತೆ ಕೂಡ ಹೀಗೇ,” ಎಂದಿರಿ. ನಾಟಕ ಮುಗಿಯಿತು, ಚಪ್ಪಾಳೆ ಹೊಡೆದಿರಿ, ಅಜ್ಜಿಯನ್ನು ಹತ್ತಿರ ಕರೆದು ಹೆಸರು ಕೇಳಿದಿರಿ. ಅವಳು ಹೇಳಿದಳು. ತಂದೆಯ ಹೆಸರು ಕೇಳಿದಿರಿ. ಅದನ್ನೂ ಹೇಳಿದಳು. ನೀವು ನನ್ನ ಕಡೆ ತಿರುಗಿ, “ಈ ಪಾತ್ರಕ್ಕೆ ಬೇರೆ ಯಾರೂ ಸಿಗಲಿಲ್ವಾ ಮೇಡಂ?” ಎಂದಿರಿ. ಯಾಕೆ ಎಂದು ನಾನು ಕೇಳಿದೆ. ಒಂದು ಕ್ಷಣ ಹುಡುಕಾಡಿ, “ಉಚ್ಚಾರಣೆ ಸ್ವಲ್ಪ ಸುಧಾರಿಸಬೇಕು,” ಎಂದಿರಿ.

ಮಾನ್ಯರೇ, ಹೆಸರು ಕೇಳುವ ಮೊದಲು ಸೋದರತ್ತೆಯ ಹಾಗೆ ಕೇಳಿಸಿದ ಉಚ್ಚಾರಣೆ ಹೆಸರು ಕೇಳಿದ ಮೇಲೆ ಹೇಗೆ ಕೆಟ್ಟಿತು? ಆ ಹುಡುಗಿ ನಡುವೆ ಒಂದು ಮಾತೂ ಆಡಿರಲಿಲ್ಲವಲ್ಲ? ಕೆಟ್ಟದ್ದು ಅವಳ ನಾಲಿಗೆಯೋ, ತಮ್ಮ ಕಿವಿಯೋ? ಒಳಗಿದ್ದದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಿಮಗಿದ್ದಿದ್ದರೆ ನಾನು ಅಲ್ಲೇ ಜಗಳವಾಡುತ್ತಿದ್ದೆ, ಮುಗಿದುಹೋಗುತ್ತಿತ್ತು. ನೀವು ಉಚ್ಚಾರಣೆಯ ಹಿಂದೆ ಅಡಗಿಕೊಂಡಿರಿ. ಮರುದಿನ ಇದನ್ನು ಕೇಳಿದ ರಂಗಮ್ಮ ಬೇಳೆ ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಅವ್ಳು ಆಡದು ನನ್ ಮಾತಲ್ವಾ? ಹಂಗಾರೆ ನಾನೂ ಹುಟ್ದಾಗಿಂದ ತಪ್ಪೇ ಮಾತಾಡ್ತಿವ್ನಾ?” ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಇಲ್ಲಿ ನಿಮಗೆ ದಾಟಿಸುತ್ತಿದ್ದೇನೆ. ಇದನ್ನಾದರೂ ಗುಮಾಸ್ತರ ಕೈಗೆ ಕೊಡಬೇಡಿ.

ನವೆಂಬರ್ ಬಂತು. ಮಕ್ಕಳ ದಿನಾಚರಣೆಗೆ ಗಣ್ಯರು ಬರುತ್ತಾರೆಂದು ನೀವು ಎರಡು ವಸ್ತು ಕಳಿಸಿದಿರಿ. ಒಂದು ಪೆನ್‌ಡ್ರೈವ್. ಅದರಲ್ಲಿ ನಮ್ಮ ನಾಟಕ ಇತ್ತು, ಸ್ಟುಡಿಯೋದಲ್ಲಿ ಯಾರೋ ದೊಡ್ಡವರು ಮಕ್ಕಳಂತೆ ಗಂಟಲು ಸಣ್ಣ ಮಾಡಿಕೊಂಡು ಓದಿದ್ದು. “ನೀರೈತೆ ಕಣ್ಲಾ, ಸುಮ್ಕೆ ಮನಿಕ್ಕೊ” ಎಂಬ ನಮ್ಮ ಅಜ್ಜಿಯ ಮಾತು ಅಲ್ಲಿ, “ಎಲೈ ತೆಂಗಿನ ಫಲವೇ, ನಿನ್ನಲ್ಲಿ ಇನ್ನೂ ನೀರಿನ ಅಂಶವಿದೆ, ವಿಶ್ರಮಿಸು” ಎಂದಾಗಿತ್ತು. ಮಕ್ಕಳು ಹಾಡಿಗೆ ತಕ್ಕಂತೆ ಕುಣಿದು ಮಾತಿಗೆ ತಕ್ಕಂತೆ ತುಟಿ ಆಡಿಸಿದರೆ ಸಾಕು, ತಪ್ಪುಗಳಿಗೆ ಅವಕಾಶವೇ ಇರುವುದಿಲ್ಲ ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ವಿವರಿಸಿದರು. ನಿಜ. ಬಾಯಿಯೇ ಇಲ್ಲದ ಮೇಲೆ ತಪ್ಪೆಲ್ಲಿ ಆದೀತು?

ಇನ್ನೊಂದು, ಥರ್ಮೊಕೋಲಿನ ತೆಂಗಿನಮರ. ನೋಡಲು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದರಲ್ಲಿ ನೇತಾಡುತ್ತಿದ್ದದ್ದು ಸುಲಿದ ಕಾಯಿಗಳು. ಕಂದು ಬಣ್ಣ, ಮೇಲೆ ಜುಟ್ಟು, ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಮಾರುತ್ತಾರಲ್ಲ, ಅಂಥವು. ಮರ ಮಾಡಿದವರು ತೆಂಗಿನಕಾಯಿ ನೋಡಿದ್ದು ತಟ್ಟೆಯಲ್ಲಿ ಮಾತ್ರ. ಅದನ್ನು ನಿಮ್ಮ ವ್ಯಾನಿನಿಂದ ಇಳಿಸಿದಾಗ ಮಕ್ಕಳು ಸುತ್ತ ನಿಂತು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಒಬ್ಬ ಗೌರವದಿಂದಲೇ ಕೇಳಿದ: “ಸಾ, ಈ ಮರ ತಾನೇ ಸುಲ್ದು ಕಾಯಿ ಬುಡ್ತದಾ?” ಇನ್ನೊಬ್ಬ, “ನಮ್ಮಪ್ಪಂಗೆ ಇದ್ರುದ್ ಎಲ್ಡು ಸಸಿ ಬೇಕು ಸಾ, ಸುಲಿಯೋರು ಸಿಕ್ತಾ ಇಲ್ಲ.” ರುಹಿ ಮುಂದೆ ಬಂದು ಥರ್ಮೊಕೋಲಿನ ಕಾಯಿಗೆ ಕಿವಿಯಿಟ್ಟು, ಸೊಂಟದ ಮೇಲೆ ಕೈಯಿಟ್ಟು, “ಇದ್ರಲ್ ನೀರೂ ಇಲ್ಲ, ಕೊಬ್ರಿನೂ ಇಲ್ಲ ಕಣ್ಲಾ,” ಅಂದಳು. ನಗೆ ಎದ್ದಿತು. ಮರ ತಂದ ನಿಮ್ಮ ಸಿಬ್ಬಂದಿ ನಗಲಿಲ್ಲ. ಸಂಜೆಯೊಳಗೆ ಹೆಡ್‌ಮಾಸ್ಟರರಿಗೆ ಫೋನ್ ಬಂತು: ಆ ಹುಡುಗಿ ಅಶಿಸ್ತಿನವಳು, ವೇದಿಕೆಯ ಮೇಲೆ ಬೇಡ, ಅತಿಥಿಗಳಿಗೆ ಗುಲಾಬಿ ಕೊಟ್ಟು ಕೆಳಗೆ ಕೂರಲಿ. ಅಜ್ಜಿಯ ಸೀರೆ ಇಂಪನಾಗೆ ಉಡಿಸಿ.

ನೀವು ಕಾಯುತ್ತಿದ್ದದ್ದು ಒಂದು ಕಾರಣಕ್ಕೆ. ಸಿಕ್ಕಿತು.

ನಾನು ಜಗಳವಾಡಿದೆ. ಸೋತೆ. ವ್ಯಾನು ಹತ್ತಿ ಹೊರಟುಬಿಡೋಣ ಎಂದ ಮೋಹನ್. ಹೋದರೆ ಮಕ್ಕಳು ಪೆನ್‌ಡ್ರೈವ್ ಜೊತೆ ಒಂಟಿಯಾಗುತ್ತಾರೆಂದು ನಾನು ಉಳಿದೆ. ಇಂಪನಾ ಸೀರೆ ಮುಟ್ಟಲಿಲ್ಲ. “ಅದು ರುಹಿ ಅಜ್ಜಿ ಅಕ್ಕ, ನಾನೆಂಗೆ ಉಟ್ಕಳ್ಳಿ?” ಎಂದಳು. ಹೆಡ್‌ಮಾಸ್ಟರರು ಗದರಿದ ಮೇಲೆ ಉಟ್ಟಳು.

ಆ ದಿನ ನಡೆದದ್ದಕ್ಕೆ ನೀವೂ ಸಾಕ್ಷಿ. ಮುಂದಿನ ಸಾಲಿನಲ್ಲಿದ್ದಿರಿ. ಗಣ್ಯರು ದೀಪ ಹಚ್ಚಿದರು, ರುಹಿ ಗುಲಾಬಿ ಕೊಟ್ಟು ಮಕ್ಕಳ ಸಾಲಿನಲ್ಲಿ ಹೋಗಿ ಕೂತಳು. ಸ್ಪೀಕರ್ ಶುರುವಾಯಿತು. ಮಕ್ಕಳು ಅಟ್ಟದ ಮೇಲೆ ಮಲಗಿದರು, ಸರಿ. ಅಜ್ಜಿಯ ಸೀರೆಯಲ್ಲಿ ಇಂಪನಾ ಬಂದಳು, ಕೈಯಲ್ಲಿ ಗಂಗಯ್ಯನವರ ಕಾಯಿ, ಸರಿ. ಸ್ಪೀಕರ್ “ಎಲೈ ತೆಂಗಿನ ಫಲವೇ” ಎಂದಿತು. ಇಂಪನಾ ತುಟಿ ಆಡಿಸಲಿಲ್ಲ. ವೇದಿಕೆಯ ಮೆಟ್ಟಿಲಿಳಿದಳು. ನಿಮ್ಮ ಮುಂದೆಯೇ ಹಾದು, ಸೀರೆಯ ನೆರಿಗೆ ಎತ್ತಿ ಹಿಡಿದು, ಮಕ್ಕಳ ಸಾಲಿಗೆ ಹೋಗಿ ಕಾಯನ್ನು ರುಹಿಯ ಮಡಿಲಿಗೆ ಇಟ್ಟಳು. ವಾಪಸ್ ಬಂದು ನಿಂತಳು. ಅಷ್ಟೆ. ಈಗ ಕಾಯಿ ರುಹಿಯ ಕೈಯಲ್ಲಿತ್ತು. ಅವಳನ್ನು ಬಿಟ್ಟು ಯಾರೂ ಬಾಯಿ ತೆರೆಯುವಂತಿರಲಿಲ್ಲ. ಅಟ್ಟದ ಕಾಯಿಗಳು ಒಂದೊಂದಾಗಿ ಎದ್ದು ಕೂತು, ತುಟಿ ಬಿಗಿದು ಅವಳನ್ನೇ ನೋಡಿದವು. ಸ್ಪೀಕರ್ ಮಾತ್ರ ಮಾತಾಡುತ್ತಿತ್ತು, ನಗುತ್ತಿತ್ತು, ಹಾಡುತ್ತಿತ್ತು, ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿಕೊಳ್ಳುತ್ತಿತ್ತು. ವೇದಿಕೆಯ ತುಂಬ ಮುಚ್ಚಿದ ಬಾಯಿಗಳು. ರುಹಿ ತಲೆ ಎತ್ತಲಿಲ್ಲ. ಎರಡೂ ಕೈಯಲ್ಲಿ ಕಾಯಿ ಹಿಡಿದು ಕೂತೇ ಇದ್ದಳು. ಸ್ಪೀಕರ್ ವಂದನಾರ್ಪಣೆಯನ್ನೂ ತಾನೇ ಮಾಡಿ ನಿಂತಿತು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಗಣ್ಯರು ನಿಮ್ಮ ಮುಖ ನೋಡಿದರು.

ಇದಾಗಿ ಬಂದದ್ದು ನಿಮ್ಮ ಆದೇಶ. ಮಕ್ಕಳನ್ನು ಶಿಸ್ತುಭಂಗಕ್ಕೆ ಪ್ರಚೋದಿಸಿದ ರಂಗಶಿಕ್ಷಕಿಗೂ ತಂಡಕ್ಕೂ ಮುಂದಿನ ಆದೇಶದವರೆಗೆ ಶಾಲಾ ಪ್ರವೇಶವಿಲ್ಲ.

ನಾನು ಪ್ರಚೋದಿಸಲಿಲ್ಲ. ಬೀದಿಯಲ್ಲಿ ಅಷ್ಟು ವರ್ಷ ಕೂಗಿದ ನನಗೆ ಅಂಥದೊಂದು ಪ್ರತಿಭಟನೆ ಹೊಳೆಯಲೇ ಇಲ್ಲ. ಮಕ್ಕಳು ಗದ್ದಲ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ, ನಿಮ್ಮ ಮರವನ್ನು ಬೀಳಿಸಲಿಲ್ಲ. ಕಲಿತ ಒಂದೇ ಕಾನೂನನ್ನು ಪಾಲಿಸಿದರು. ಇದಕ್ಕಿಂತ ಶಿಸ್ತು ಇನ್ಯಾವುದು ಮಾನ್ಯರೇ? ಶಿಸ್ತೆಂದರೆ ನಿಮ್ಮ ಸ್ಪೀಕರಿಗೆ ತುಟಿ ಒದಗಿಸುವುದೇ? ಇವತ್ತು ಯಾರೋ ಆಡಿದ ಮಾತಿಗೆ ಬಾಯಿ ಆಡಿಸುವುದನ್ನು ಕಲಿತ ಮಗು ನಾಳೆ ಎಲ್ಲೆಲ್ಲಿ ಬಾಯಿ ಆಡಿಸಬೇಕಾದೀತು ಎಂಬುದನ್ನು ನೀವು ಯೋಚಿಸಿದ್ದೀರೋ, ಅಥವಾ ಯೋಚಿಸಿಯೇ ಪೆನ್‌ಡ್ರೈವ್ ಕಳಿಸಿದಿರೋ?

ಈಗ ರುಹಿಯ ವಿಷಯ. ನಮ್ಮ ವ್ಯಾನು ನಿಂತರೆ ನಿಲ್ಲಲಿ, ನಮಗೆ ಬೀದಿ ಇದೆ. ನನ್ನನ್ನು ಕೂರಲು ಬಿಡದೆ ಈ ಪತ್ರ ಬರೆಸುತ್ತಿರುವುದು ಆ ಹುಡುಗಿ. ಅವಳು ಮಾತು ಬಿಟ್ಟಿದ್ದಾಳೆ ಎಂದು ರಂಗಮ್ಮ ಹೇಳಿಕಳಿಸಿದ್ದಾರೆ. ಹಾಜರಿಗೆ ಕೈ ಎತ್ತುತ್ತಾಳೆ. ಊಟಕ್ಕೆ ತಟ್ಟೆ ಒಡ್ಡುತ್ತಾಳೆ. ಸಾರಿನಲ್ಲಿ ಉಪ್ಪಿಲ್ಲ ಎಂದು ರಂಗಮ್ಮ ತಾವೇ ಕೆಣಕಿದರೂ ಸುಮ್ಮನೆ ಉಣ್ಣುತ್ತಾಳೆ. ಕಾಯಿ ಅವಳ ಮನೆಯಲ್ಲೇ ಇದೆ. ಅವಳಾಗಿ ಕೊಟ್ಟಿಲ್ಲ, ಹಾಗಾಗಿ ಯಾವ ಮಗುವೂ ಕೇಳಿಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಫ್ಸರ್ ಬಾನು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಹೇಳಿದರು: “ನಾಟ್ಕ ಬ್ಯಾಡ ಮೇಡಂ. ಹೆಸ್ರು ಕೇಳಿದ್ಮೇಲೆ ಮುಖ ತಿರುವೋರ ಮುಂದೆ ನನ್ ಮಗ್ಳು ಯಾಕ್ ನಿಂತ್ಕಬೇಕು?” ದಸ್ತಗೀರ್ ಬಿಚ್ಚಿದ ಮೋಟಾರಿನ ಮುಂದೆ ಕೂತಿದ್ದರು. “ಮೋಟ್ರು ಸುಟ್ರೆ ಹೊಸ ತಂತಿ ಸುತ್ತಿ ಓಡಿಸ್ತೀನಿ. ಇದ್ಕೇನ್ ಸುತ್ಲಿ, ನೀವೇ ಹೇಳಿ,” ಅಂದರು. ಹೊರಡುವಾಗ ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ದಿನಾ ಶಾಲೆಯಿಂದ ಬಂದ್ಮೇಲೆ ಆ ಕಾಯಿ ತಗಂಡು ಕಿವಿ ಹತ್ರ ಆಡಿಸ್ತಾಳೆ. ಏನ್ ಕೇಳ್ತಾಳೋ. ಭಾನ್ವಾರ ನಂಗೆ ಕೆಲ್ಸ ಕಮ್ಮಿ, ಅಂಗ್ಡಿ ಮುಂದೆ ಜಾಗ ಐತೆ. ಮಕ್ಳನ್ನ ಕರ್ಕೊಂಬನ್ನಿ. ಮಾತಾಡದು ಬುಡದು ಅವ್ಳಿಷ್ಟ.” ಯಂತ್ರದ ಸದ್ದು ಒಳಗೆ ನಿಂತಿತ್ತು. ಅಫ್ಸರ್ ಬಾನು ಬೇಡ ಎನ್ನಲಿಲ್ಲ.

ಶಾಲೆಯ ಬಾಗಿಲು ನಿಮ್ಮದು, ಹಾಕಿಕೊಳ್ಳಿ. ಮೋಟಾರ್ ಅಂಗಡಿಯ ಮುಂದಿನ ಹೊಂಗೆಮರದ ನೆರಳು ಯಾವ ಆದೇಶದ ಕೆಳಗೂ ಬರುವುದಿಲ್ಲ.

ನನ್ನ ಒತ್ತಾಯ ಇಷ್ಟು. ಆದೇಶ ಹಿಂತೆಗೆದುಕೊಳ್ಳಿ. ಅದೇ ವೇದಿಕೆ, ಅದೇ ಅತಿಥಿಗಳು, ಅದೇ ನಾಟಕ, ರುಹಿ ಅಜ್ಜಿ, ಅವಳದೇ ದನಿ. ಅವಳು ಸಿದ್ಧಳಾದ ದಿನ, ಅದಕ್ಕೆ ಒಂದು ದಿನವೂ ಮೊದಲಲ್ಲ. ಪೆನ್‌ಡ್ರೈವನ್ನು ವಾಪಸ್ ಒಯ್ಯಿರಿ. ಮರವನ್ನೂ ಒಯ್ಯಿರಿ, ಕಾಯಿಗಳಿಗೆ ಸಿಪ್ಪೆ ಹೊದಿಸಿ ತಂದರೆ ಮಕ್ಕಳು ಪುನರ್‌ಪರಿಶೀಲಿಸುತ್ತಾರೆ. ಇವೆಲ್ಲಕ್ಕಿಂತ ಮೊದಲು ನೀವೇ ಬನ್ನಿ. ಬಂದು ನಮ್ಮ ಜೊತೆ ದುಂಡಗೆ ಕೂರಿ. ಕುರ್ಚಿ ಇರುವುದಿಲ್ಲ, ಚಾಪೆ ಇರುತ್ತದೆ. ಭಾಷಣ ತರಬೇಡಿ, ಗುಮಾಸ್ತರನ್ನು ಬೇಕಾದರೆ ಕರೆತನ್ನಿ, ಅವರಿಗೂ ಒಂದು ಸರದಿ ಬಾಕಿ ಇದೆ. ಮೊದಲ ಮಾತು ರುಹಿಯದು. ಅವಳು ಮಾತಾಡಿದರೆ ಕೇಳೋಣ. ಮಾತಾಡದಿದ್ದರೆ ಎಲ್ಲರೂ ಮಾತಾಡದೆ ಕೂರೋಣ, ನೀವೂ, ನಾನೂ. ಅವಳು ಕಾಯನ್ನು ನಿಮ್ಮ ಕೈಗೆ ಕೊಟ್ಟರೆ ಈ ಸಲ ಕಣ್ಣಿಗೊತ್ತಿಕೊಂಡು ದಾಟಿಸಬೇಡಿ. ಕಿವಿಗೆ ಹಿಡಿಯಿರಿ. ಆಮೇಲೆ ಅವಳ ಮುಖ ನೋಡಿ, ಉಚ್ಚಾರಣೆಯ ಬಗ್ಗೆ ಅವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳಲು ಆಗುತ್ತದೋ ನೋಡಿ.

ಇಂತಿ,
ನಿಮ್ಮ ಆದೇಶದಲ್ಲಿ ಪ್ರಚೋದಕಿ ಎಂಬ ಬಡ್ತಿ ಪಡೆದು,
ಮಕ್ಕಳಷ್ಟು ಚೆನ್ನಾಗಿ ಪ್ರತಿಭಟಿಸಲು ಇನ್ನೂ ಕಲಿಯುತ್ತಿರುವ
ಪುಷ್ಪಲತಾ, ಬಾಗಿಲಾಚೆಯ ರಂಗಶಿಕ್ಷಕಿ

ನಾವು ಕೂರುವುದು ದಸ್ತಗೀರ್ ಅವರ ಅಂಗಡಿಯ ಮುಂದೆ, ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.